ಐದನೇ ಬೋಲ್ಟು

ಚಾಚಾ ತೀರಿಕೊಂಡ ಸುದ್ದಿ ಬಂದಾಗ ನಾನು ಯಾದಗಿರಿ ಬಸ್ ನಿಲ್ದಾಣದ ಹೊರಗೆ ಕಲ್ಲಂಗಡಿ ಕೊಳ್ಳುತ್ತಿದ್ದೆ. ಫೋನನ್ನು ಒಂದು ಕಿವಿಗೆ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳಿನಿಂದ ಹಣ್ಣನ್ನು ತಟ್ಟಿ ತಟ್ಟಿ ನೋಡುತ್ತಿದ್ದೆ. ಹೀಗೆ ತಟ್ಟುವುದನ್ನು ನನಗೆ ಕಲಿಸಿದವರೇ ಅವರು. ತಟ್ಟಿದ ಮೇಲೆ ಏನು ಕೇಳಿಸಬೇಕು ಎಂಬುದನ್ನೂ ಕಲಿಸಿದ್ದರು, ಆದರೆ ಅದು ನನ್ನ ತಲೆಗೆ ಹೋಗಲಿಲ್ಲ. ಆ ಹಣ್ಣನ್ನು ಮನೆಗೆ ತಂದು ಕೊಯ್ದಾಗ ಒಳಗೆಲ್ಲ ಬೆಳ್ಳಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ತಮ್ಮ ಹೆಸರು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಹೆಸರು ಬರದ್ರ ಒಂದು ಪೊಲೀಸರು ಬರ್ತಾರ, ಇಲ್ಲಾ ಬ್ಯಾಂಕಿನವರು ಬರ್ತಾರ" ಎನ್ನುತ್ತಿದ್ದರು. ಶಹಾಪುರದಲ್ಲಿ ಅವರ ಓಣಿಯಿಂದ ಹಿಡಿದು ಭೀಮರಾಯನಗುಡಿಯ ಕಾಲುವೆ ನೌಕರರ ಕ್ಯಾಂಪಿನವರೆಗೆ ಎಲ್ಲರಿಗೂ ಅವರು ಚಾಚಾ. ಮನೆಯಲ್ಲಿ ದಖನಿ, ಹೊರಗೆ ನಮ್ಮೆಲ್ಲರ ಹಾಗೆ ಕನ್ನಡ, ಕಲ್ಲಿನ ಜೊತೆ ಮಾತ್ರ ಮೌನ.

ಕೃಷ್ಣೆಯ ನೀರನ್ನು ನಮ್ಮ ಕಡೆ ತರುವಾಗ ಕಾಲುವೆಗೆ ಗಟ್ಟಿ ಬಂಡೆ ಅಡ್ಡ ಬಂದಲ್ಲೆಲ್ಲ ತೂತು ಕೊರೆದು, ಮದ್ದು ತುಂಬಿ ಹಾರಿಸುತ್ತಿದ್ದರು. ಆ ತೂತು ಕೊರೆಯುವ ಯಂತ್ರ ಹಿಡಿದೇ ಚಾಚಾ ತಮ್ಮ ಪ್ರಾಯವನ್ನು ಕಳೆದಿದ್ದರು. ಕಾಲುವೆ ಮುಗಿದ ಮೇಲೆ ಸುತ್ತಿಗೆ, ಉಳಿಗಳ ಚೀಲ ಹೆಗಲಿಗೇರಿಸಿ ಊರೂರು ತಿರುಗಿ, ಸವೆದ ಬೀಸುಕಲ್ಲು ಒರಳುಗಳನ್ನು ಉಳಿಯಿಂದ ಹೊಡೆದು ಮತ್ತೆ ತರಿತರಿ ಮಾಡಿಕೊಡುತ್ತಿದ್ದರು. ಕೆಲಸ ಶುರುಮಾಡುವ ಮೊದಲು ಕಲ್ಲಿಗೆ ಒಂದು ಸಣ್ಣ ಏಟು ಕೊಟ್ಟು, ಕಣ್ಣು ಮುಚ್ಚಿ ಕೇಳುವರು. ಠಣ್ ಅಂದರೆ ಒಳಗೆ ಗಟ್ಟಿ. ದಬ್ ಅಂದರೆ ಎಲ್ಲೋ ಬಿರುಕಿದೆ, ಪೊಳ್ಳಿದೆ. ದಬ್ ಎಂದ ಕಲ್ಲಿಗೆ ಅವರು ಕೈ ಹಚ್ಚುತ್ತಿರಲಿಲ್ಲ, ಎಷ್ಟು ಬೇಡಿಕೊಂಡರೂ ಅಷ್ಟೇ.

ಈ ಚಟ ಕಲ್ಲಿಗೆ ಮಾತ್ರ ಸೀಮಿತವಾಗಿರಲಿಲ್ಲ. ಚಹಾ ಅಂಗಡಿಯಲ್ಲಿ ಖಾಲಿ ಗ್ಲಾಸನ್ನು ಉಗುರಿನಿಂದ ಬಡಿದು ನೋಡಿಯೇ ಚಹಾ ಹಾಕಿಸಿಕೊಳ್ಳುವರು. ಹೊಸ ಮನೆ ಕಟ್ಟಿಸಿದವರು ಗೋಡೆಯ ಗಿಲಾವು ನೋಡಲು ಅವರನ್ನು ಕರೆದುಕೊಂಡು ಹೋಗುವರು. ಗಡಿಗೆ ಕೊಳ್ಳುವ ಹೆಣ್ಣುಮಕ್ಕಳು ಅವರು ದಾರಿಯಲ್ಲಿ ಸಿಕ್ಕರೆ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಹೊಟ್ಟೆಗೂ ಎರಡು ಬೆರಳು ಬಡಿದು ಹೇಳಿದ್ದರು: "ಬಾಬು, ಇದು ದಬ್ಬೂ ಅನ್ನವಲ್ದು. ಪೂರಾ ತುಂಬ್ಯಾದ." ಯಾರನ್ನೂ ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಅವರ ಬಾಯಿಂದ ಬರುವ ಅತಿ ದೊಡ್ಡ ಮೆಚ್ಚುಗೆ "ನಡೀತದ" ಎಂಬುದು. ಅದು ನನಗೆ ಒಮ್ಮೆಯೂ ಸಿಗಲಿಲ್ಲ.

ನಾನು ಯಾರೆಂದು ಹೇಳಬೇಕಲ್ಲ. ನಾನು ಉಪಕಾಲುವೆಯ ಮೇಲೆ ಗೇಜ್ ರೀಡರ್. ದಿನಕ್ಕೆ ಎರಡು ಸಲ ಹೋಗಿ, ನೀರು ಯಾವ ಗೆರೆಯವರೆಗೆ ಬಂದಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಮುಂಜಾನೆ ಹೋಗುತ್ತಿದ್ದೆ. ಸಂಜೆಯದನ್ನು ಮನೆಯಲ್ಲಿ ಕುಳಿತು ಅಂದಾಜಿನ ಮೇಲೆ ಬರೆಯುತ್ತಿದ್ದೆ. ನಿನ್ನೆ ಅಷ್ಟಿತ್ತು, ಇವತ್ತೂ ಅಷ್ಟೇ ಇರುತ್ತದೆ ಎಂಬ ಧೈರ್ಯ. ಒಮ್ಮೆ ರಿಪೇರಿಗೆಂದು ಕಾಲುವೆ ಬಂದ್ ಮಾಡಿದ್ದು ನನಗೆ ಗೊತ್ತೇ ಆಗದೆ, ನನ್ನ ಪುಸ್ತಕದಲ್ಲಿ ಎರಡು ದಿನ ದಡ ತುಂಬಿ ನೀರು ಹರಿದಿತ್ತು. ಸಾಹೇಬರು ನನ್ನನ್ನು ಒಣಗಿದ ಕಾಲುವೆಯೊಳಗೆ ಇಳಿಸಿ ನಿಲ್ಲಿಸಿ, ಪುಸ್ತಕ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ದಡದ ಮೇಲೆ ನಿಂತ ಕುರಿಗಾರರೂ ಕೇಳಿಸಿಕೊಂಡರು. ಇಷ್ಟಾದ ಮೇಲೆ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಇಂಥ ನಾನು ಬಂಡೆ ಹತ್ತುವವರ ಗುಂಪಿಗೆ ಸೇರಿದ್ದು ನನ್ನ ಭಾರದಿಂದಾಗಿ. ಮೈಸೂರು ಕಡೆಯಿಂದ ಬಂದ ಒಬ್ಬರು ದೈಹಿಕ ಶಿಕ್ಷಣದ ಸರ್ ಕ್ಯಾಂಪಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ರಜೆ ಬಂದರೆ ಬಾದಾಮಿಗೆ ಹೋಗಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತಿ ಬರುವ ಹುಚ್ಚು ಅವರಿಗೆ. ಕಾಲುವೆಯ ಪಕ್ಕದ ಗುಡ್ಡದಲ್ಲಿ ನೆಟ್ಟಗೆ ನಿಂತ ಒಂದು ಬಂಡೆ ಕಂಡು, ಅಷ್ಟು ದೂರ ಯಾಕೆ ಹೋಗಬೇಕು, ವಿದ್ಯಾರ್ಥಿಗಳಿಗೆ ಇಲ್ಲೇ ಕಲಿಸೋಣ ಎಂದುಕೊಂಡರು. ಹತ್ತುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಂಡೆಯಲ್ಲಿ ಆಳುದ್ದಕ್ಕೊಂದರಂತೆ ಕೂರಿಸಿದ ಬೋಲ್ಟುಗಳಿಗೆ ಕೊಂಡಿ ಹಾಕಿ ಹಗ್ಗ ಸಿಕ್ಕಿಸುತ್ತ ಮೇಲೇರಬೇಕು. ಕೈ ಜಾರಿದರೆ ಕೊನೆಯ ಬೋಲ್ಟು ಹಿಡಿಯುತ್ತದೆ. ಹಗ್ಗದ ಇನ್ನೊಂದು ತುದಿಯನ್ನು ಕೆಳಗೊಬ್ಬ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಡಿದಿರಬೇಕು. "ಅದಕ್ಕೆ ನಿಮ್ಮಂಥೋರೇ ಬೇಕು. ಮೇಲಿರೋರು ಬಿದ್ರೂ ನೀವು ಜಾಗ ಬಿಟ್ಟು ಕದಲಲ್ಲ" ಎಂದು ಸರ್ ನನಗೆ ಹೇಳಿದರು. ಜೀವನದಲ್ಲಿ ಮೊದಲ ಬಾರಿ ನನ್ನ ಮೈ ಉಪಯೋಗಕ್ಕೆ ಬಂತೆಂದು ಹಿಗ್ಗಿಹೋದೆ.

ಬೋಲ್ಟು ಕೂರಿಸಲು ಚಾಚಾರನ್ನು ಕರೆತಂದವನು ನಾನೇ. ಅವರು ಬಂಡೆಯ ಸುತ್ತ ಒಂದು ಸುತ್ತು ಹಾಕಿ, ಇಷ್ಟು ಕಷ್ಟಪಟ್ಟು ಹತ್ತಿ ಮೇಲಿನಿಂದ ಏನು ತರುತ್ತೀರಿ ಎಂದು ಕೇಳಿದರು. ಏನೂ ಇಲ್ಲ, ಹತ್ತಿ ಇಳಿಯುತ್ತೇವೆ ಎಂದರು ಸರ್. ಚಾಚಾ ಮೆಹಂದಿ ಹಚ್ಚಿದ ಗಡ್ಡ ಕೆರೆದುಕೊಂಡು, "ಒಟ್ಟ ಖಾಲಿ ಕೆಲಸ ಅನ್ರಿ" ಎಂದು ಚೀಲ ಬಿಚ್ಚಿದರು. ಮೇಲಿನಿಂದ ಹಗ್ಗದಲ್ಲಿ ನೇತಾಡುತ್ತ, ಬರಿಗಾಲನ್ನು ಬಂಡೆಗೆ ಒದ್ದುಕೊಂಡು, ಕೈಯಿಂದಲೇ ಏಳು ತೂತು ಹೊಡೆದು ಏಳು ಬೋಲ್ಟು ಕೂರಿಸಲು ಅವರಿಗೆ ಮೂರು ದಿನ ಹಿಡಿಯಿತು. ಕಡೆಯ ದಿನ ನಮಗೆಲ್ಲ ಮಂಡಕ್ಕಿ ಸೂಸ್ಲಾ, ಮಿರ್ಚಿ ಭಜಿ ಅವರೇ ಕೊಡಿಸಿದರು. "ಇಷ್ಟು ವರ್ಷ ಕಲ್ಲು ಹಾರ್ಸಾಕ ತೂತು ಹೊಡದೆ. ಮಂದಿ ಉಳೀಲಿ ಅಂತ ತೂತು ಹೊಡದಿದ್ದು ಇದೇ ಮೊದಲು ನೋಡು ಬಾಬು" ಎಂದರು.

ಖಾಲಿ ಕೆಲಸ ಎಂದವರೇ ಮುಂದೆ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬಂಡೆಯ ಬುಡದಲ್ಲಿ ಕೂಡುತ್ತಿದ್ದರು. ದಾರಿಹೋಕನೊಬ್ಬ, ಹಿಂದಿನಿಂದ ಕುರಿಗಳೂ ಹತ್ತುವ ದಾರಿ ಇರುವಾಗ ಮುಂದಿನಿಂದ ಯಾಕೆ ಸಾಯುತ್ತೀರಿ ಎಂದು ಕೇಳಿದ. ಚಾಚಾ ತಲೆ ಎತ್ತದೆ, "ಆ ದಾರಿ ಇಳಿಯಾಕ ಅದ" ಎಂದರು.

ಅವರದೊಂದು ಕಾಯಿದೆ ಇತ್ತು. ಮಳೆಗಾಲ ಮುಗಿದ ಮೇಲೆ ಏಳೂ ಬೋಲ್ಟುಗಳ ಸುತ್ತಲ ಕಲ್ಲನ್ನು ಬಡಿದು ಕೇಳದೆ ಯಾರೂ ಹತ್ತುವಂತಿಲ್ಲ. ಚಾಚಾ ಹಗ್ಗದಲ್ಲಿ ಇಳಿಯುತ್ತ ಬಡಿದು ಮೇಲಿನಿಂದ ಕೂಗುವರು, ನಾನು ಕೆಳಗೆ ನೋಟುಬುಕ್ಕಿನಲ್ಲಿ ಬರೆಯುವೆ. ಏಳನೇದು ಠಣ್, ಆರನೇದು ಠಣ್. ಬಡಿಯುವಾಗ ಯಾರೂ ಕೆಮ್ಮುವಂತಿಲ್ಲ. ಒಂದು ವರ್ಷ ಐದನೆಯದರ ಹತ್ತಿರ ಬಹಳ ಹೊತ್ತು ನಿಂತರು. ಇಳಿದು ಬಂದು, "ಬಾಬು, ಐದನೇದ್ರ ಬಾಜೂಕ ಕಲ್ಲು ದಬ್ ಅನ್ನಾಕ ಸುರು ಮಾಡ್ಯಾದ. ಈಗ ತಡೀತದ. ಬರೂ ವರ್ಷ ಅದನ್ನ ಮೊದಲ ನೋಡಬೇಕು" ಎಂದರು.

ಬರುವ ವರ್ಷ ಬಂತು. ಮಳೆ ಮುಗಿಯುವ ಹೊತ್ತಿಗೆ ಚಾಚಾರಿಗೆ ಯಾದಗಿರಿಯಲ್ಲಿ ಕಣ್ಣಿನ ಪೊರೆ ತೆಗೆದರು. ತಿಂಗಳೊಪ್ಪತ್ತು ಬಗ್ಗುವಂತಿಲ್ಲ, ಧೂಳಿಗೆ ಹೋಗುವಂತಿಲ್ಲ. ನೋಡಲು ಹೋದ ನನಗೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತ ಅವರು, ದಸರೆಗೆ ಊರಿಗೆ ಹೋದ ಸರ್ ಬರಲಿ, ಇಬ್ಬರೂ ಸೇರಿ ಬಡಿದು ನೋಡಿ ಎಂದರು. ಅಷ್ಟಕ್ಕೆ ಹೂಂ ಎಂದು ಎದ್ದು ಬಂದಿದ್ದರೆ ಆಗಿತ್ತು. "ಅವರ್‍ಯಾಕ್ರಿ ಚಾಚಾ, ನಾ ಒಬ್ಬನ ಮಾಡ್ತೀನಿ. ಮೂರು ವರ್ಷ ನೋಡಿಲ್ಲೇನು ನಿಮ್ಮನ್ನ" ಎಂದೆ. ಚಾಚಿ ಕೊಟ್ಟ ಶೀರಾ ತಿನ್ನುತ್ತಿದ್ದೆ. ಸಿಹಿ ಬಾಯಿಗೆ ಬಿದ್ದಾಗ ನನ್ನ ಧೈರ್ಯ ಹೀಗೆಯೇ ಇರುತ್ತದೆ.

ಮರುದಿನ ಚಾಚಾರ ಸುತ್ತಿಗೆ ಹಿಡಿದು, ಕುರಿಗಳ ದಾರಿಯಲ್ಲೇ ಮೂರು ಕಡೆ ಕೂತು ಮೇಲೆ ಹತ್ತಿದೆ. ತುದಿಯಲ್ಲಿ ಹೂಳಿದ ಕಬ್ಬಿಣದ ಬಳೆಗೆ ಹಗ್ಗ ಕಟ್ಟಿ, ಸೊಂಟಕ್ಕೆ ಪಟ್ಟಿ ಬಿಗಿದು, ಅಂಚಿಗೆ ಬಂದು ಕೆಳಗೆ ನೋಡಿದೆ. ಕಾಲುವೆ ಕಸಬರಿಗೆಯ ಹಂಚಿಕಡ್ಡಿಯಷ್ಟು ಕಂಡಿತು. ಸುರಪುರದ ಬಸ್ಸು ಹೆಸರುಕಾಳಿನಷ್ಟಿತ್ತು. ಇಳಿಯುವ ಮಾತನ್ನು ಅಲ್ಲಿಗೇ ಬಿಟ್ಟೆ. ಹೊಟ್ಟೆಯ ಮೇಲೆ ಮಲಗಿ, ಕೈ ಚಾಚಿ, ಏಳನೆಯದರ ಸುತ್ತ ಬಡಿದೆ. ಅದೂ ಮೂರು ಏಟು ಬೋಲ್ಟಿಗೇ ಬಿತ್ತು. ಆಮೇಲೆ ತೆವಳಿಕೊಂಡು ಹಿಂದೆ ಸರಿದು, ಗಿಡದ ನೆರಳಲ್ಲಿ ಕುಳಿತು, ಕಟ್ಟಿಸಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದು, ನೋಟುಬುಕ್ಕು ತೆಗೆದೆ. ಏಳಕ್ಕೂ ಠಣ್ ಎಂದು ಬರೆದೆ. ಕೈ ಒಂದಿಷ್ಟೂ ನಡುಗಲಿಲ್ಲ. ಗೇಜಿನ ಪುಸ್ತಕದಲ್ಲಿ ಪಳಗಿದ ಕೈ.

ಸಂಜೆ ಚಾಚಾರ ಮನೆಗೆ ಹೋದೆ. ಅವರು ಮೊದಲು ಕೇಳಿದ್ದೇ ಅದು.

"ಐದನೇದು ಹ್ಯಾಂಗ ಅದ?"

"ಠಣ್ ಅಂತದ ಚಾಚಾ."

"ಬಾಜೂಕ? ಎಡಗಡಿ?"

"ಎಡಗಡಿ, ಬಲಗಡಿ, ಎಲ್ಲಾ ಕಡಿ ಹೊಡದು ನೋಡೀನ್ರಿ. ಗಂಟಿ ಬಾರ್ಸಿದಂಗ ಅದ."

ಗಂಟೆ ಬೇಕಿರಲಿಲ್ಲ. ಸುಳ್ಳು ಹೇಳುವವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿರುವುದಿಲ್ಲ. ಚಾಚಾ ಗೋಡೆಗೆ ಒರಗಿದರು. ಸಮಾಧಾನವಾಗಿರಬೇಕೆಂದು ನಾನು ಚಹಾಕ್ಕೆ ಕಾಯುತ್ತ ಕುಳಿತೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹೇಳಿದರು: "ಹಂಗಾದ್ರ ನನ್ನ ಕಿವಿ ಹೋಗ್ಯಾವ."

ಅವರ ಜೊತೆ ಯಂತ್ರ ಹಿಡಿದಿದ್ದವರೆಲ್ಲ ಒಬ್ಬೊಬ್ಬರಾಗಿ ಕಿವುಡಾಗಿದ್ದರು. ತಮ್ಮ ಸರದಿ ಯಾವಾಗ ಎಂದು ಚಾಚಾ ಒಳಗೊಳಗೇ ಕಾಯುತ್ತಿದ್ದರೆಂಬುದು ನನಗೆ ಆಗಲೇ ತಿಳಿದದ್ದು. ಬಿರುಕು ಬಿಟ್ಟ ಕಲ್ಲು ಒಂದು ಮಳೆಗಾಲದಲ್ಲಿ ಕೂಡಿಕೊಳ್ಳುವುದಿಲ್ಲ. ಈಗ ಗಂಟೆಯ ಹಾಗಿದ್ದರೆ ಹೋದ ವರ್ಷವೂ ಹಾಗೆಯೇ ಇದ್ದಿರಬೇಕು, ಕೇಳಿದ್ದೇ ತಪ್ಪಿರಬೇಕು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಅದರೊಳಗೆ ತಪ್ಪಿದ್ದವನು ನಾನೊಬ್ಬನೇ.

ಆಗಲೇ ಹೇಳಬಹುದಿತ್ತು. ಚಹಾ ಬಂತು, ಕುಡಿದು ಎದ್ದೆ.

ಎರಡು ವಾರ ಬಿಟ್ಟು ಹಣ್ಣು ತೆಗೆದುಕೊಂಡು ಹೋದೆ. ಹಣ್ಣಿನ ನೆಪದಲ್ಲಿ ಹೇಳಿಬಿಡಬೇಕೆಂದಿದ್ದೆ. ಚಾಚಾ ಮಲಗಿದ್ದರು. ಚಾಚಿ ಬಾಗಿಲಲ್ಲೇ ನಿಲ್ಲಿಸಿ ದನಿ ತಗ್ಗಿಸಿ ಹೇಳಿದರು: "ಡಾಕ್ಟರ್ ಕೆಲಸಕ್ಕ ಹೋಗ್ರಿ ಅಂದ್ರೂ ಹೋಗವಲ್ರಪ್ಪ. ಬೀಸೂಕಲ್ಲಿನವರು ಬಂದ್ರ ವಾಪಸ್ ಕಳಸ್ತಾರ. ನಾ ಕರದ್ರ ಬೇಕಂತಲೇ ಎರಡು ಸಲ ಸುಮ್ಮ ಇದ್ದು, ಮೂರನೇ ಸಲ ಓಗೊಡ್ತಾರ. ಕಿವುಡು ಬಂದಮ್ಯಾಲ ಹ್ಯಾಂಗ ಇರಬೇಕು ಅಂತ ಈಗಲೇ ರೂಢಿ ಮಾಡ್ಕೋತಾರಂತ." ಕಡೆಯ ಮಾತಿಗೆ ಚಾಚಿ ನಗಲು ನೋಡಿದರು, ನಗು ಬರಲಿಲ್ಲ. ನಾನು ಹಣ್ಣು ಕೊಟ್ಟು ಬಂದೆ. ಇಷ್ಟು ವಿವರವಾಗಿ ಬರೆಯುತ್ತಿರುವುದು, ನನ್ನಂಥವನು ಹೇಡಿತನವನ್ನು ಎಷ್ಟು ದಿನ ಕಾಪಾಡಿಕೊಂಡು ಬರಬಲ್ಲ ಎಂಬುದು ಓದುವವರಿಗೂ ತಿಳಿಯಲಿ ಎಂದು.

ದೀಪಾವಳಿ ಕಳೆದ ಮೊದಲ ಭಾನುವಾರ ಹತ್ತುವುದು ಶುರುವಾಯಿತು. ಸರ್ ನೋಟುಬುಕ್ಕು ನೋಡಿ, "ಎಲ್ಲ ಠಣ್ಣಾ? ಭೇಷ್" ಎಂದರು. ಏಳೆಂಟು ವಿದ್ಯಾರ್ಥಿಗಳು ಬಂದಿದ್ದರು. ಅವರಲ್ಲಿ ಮುದನಾಳದ ಕಡೆಯ ಒಬ್ಬ ಹುಡುಗಿ ಎಲ್ಲರಿಗಿಂತ ಚುರುಕು. ಅವಳೇ ಮೊದಲು ಹಗ್ಗ ಕಟ್ಟಿಕೊಂಡಳು. ಸರ್ ಒತ್ತಾಯಕ್ಕೆ ಬಂದಿದ್ದ ಚಾಚಾ ದೂರದಲ್ಲಿ ಒಂದು ಕಲ್ಲಿನ ಮೇಲೆ ಬಂಡೆಗೆ ಬೆನ್ನು ಮಾಡಿ ಕುಳಿತಿದ್ದರು. ಹಗ್ಗ ಹಿಡಿದವನು ಎಂದಿನಂತೆ ನಾನು.

ಹುಡುಗಿ ಮೊದಲ ಬೋಲ್ಟಿಗೆ ಕೊಂಡಿ ಹಾಕಿದಳು. ಎರಡನೆಯದಕ್ಕೆ ಹಾಕಿದಳು. ಐದನೆಯದೂ ತಡೆಯಬಹುದು, ಹೋದ ವರ್ಷ ತಡೆದಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯದು. ಐದನೆಯದನ್ನು ನಂಬಿ ಅವಳು ಮೇಲೆ ಹೋಗಿ ಜಾರಿದರೆ ಆ ಕಲ್ಲು ಚಕ್ಕೆಯೇ ಕಿತ್ತು ಬರಬಹುದು, ಅವಳ ಮೇಲೂ ಬೀಳಬಹುದು. ಹಗ್ಗ ಬಿಟ್ಟು ಓಡಿಹೋಗೋಣವೆಂದರೆ ಅವಳ ಜೀವ ನನ್ನ ಸೊಂಟಕ್ಕೇ ಕಟ್ಟಿದೆ. ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ಸ್ಥಿತಿ ಮನುಷ್ಯನಿಗೆ ಸಿಗಲಾರದು. ನಾಲ್ಕನೆಯದಕ್ಕೆ ಕೊಂಡಿ ಬಿದ್ದ ಸದ್ದು ಕೇಳಿತು.

"ತಂಗಿ, ಅಲ್ಲೇ ನಿಂದರು. ಮ್ಯಾಲ ಹೋಗಬ್ಯಾಡ" ಎಂದೆ.

"ಯಾಕ್ರಿ ಅಣ್ಣಾರ?"

"ಐದನೇದು ನಾ ನೋಡಿಲ್ಲ. ಯಾವದೂ ನೋಡಿಲ್ಲ. ಮ್ಯಾಲ ಕುಂತು ರೊಟ್ಟಿ ತಿಂದು ಬರದೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹುಡುಗಿಯನ್ನು ಮೆಲ್ಲಗೆ ಇಳಿಸಿದೆ. ಅದೊಂದನ್ನು ಸರಿಯಾಗಿ ಮಾಡಿದೆ. ಸರ್ ಮುಖ ಕೆಂಪಾಗಿತ್ತು. ಅವರು ಬೈದದ್ದು ಏನೂ ನನಗೆ ಕೇಳಿಸಲಿಲ್ಲ, ನಾನು ಚಾಚಾರ ಬೆನ್ನನ್ನೇ ನೋಡುತ್ತಿದ್ದೆ. ಅವರು ಎದ್ದರು, ಹತ್ತಿರ ಬಂದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದರೆ ಚೆನ್ನಾಗಿರುತ್ತದೆ ಎಂದೂ ಅನ್ನಿಸಿತು.

"ಗಂಟಿ ಬಾರ್ಸಿದಂಗ ಅದ ಅಂದಿದ್ದಿ" ಎಂದರು.

"ಸುಳ್ಳು ಹೇಳಿದೆ ಚಾಚಾ."

"ಹೊಡದು ನೋಡೇ ಇಲ್ಲ?"

"ಇಲ್ರಿ."

"ಹೋಗು. ಈಗ ನೋಡಿ ಬಾ."

ಸರ್ ಹಿಂದಿನ ದಾರಿಯಿಂದ ಹೋಗಿ ಮೇಲಿನ ಬಳೆಗೆ ಹಗ್ಗ ಹಾಕಿ ಎರಡೂ ತುದಿ ಕೆಳಗೆ ಬಿಟ್ಟರು. ಒಂದನ್ನು ನನ್ನ ಸೊಂಟಕ್ಕೆ ಕಟ್ಟಿದರು. ಇನ್ನೊಂದನ್ನು ಹಿಡಿಯಲು ಮೂರು ಜನ ಬೇಕಾಯಿತು. ನಾನು ಹತ್ತಿದೆ ಎನ್ನುವುದಕ್ಕಿಂತ ಅವರು ಬಾವಿಗೆ ಬಿದ್ದ ಎತ್ತನ್ನು ಮೇಲೆಳೆದ ಹಾಗೆ ನನ್ನನ್ನು ಎತ್ತಿದರು ಎನ್ನುವುದೇ ಸರಿ. ಹೆದರಿಕೆಗೆ ಕಣ್ಣೀರು ಬಂತೋ ಬೆವರೇ ಕಣ್ಣಿಗಿಳಿಯಿತೋ ತಿಳಿಯದು. ಐದನೆಯದರ ಮುಂದೆ ನೇತಾಡುತ್ತ, ಸುತ್ತಿಗೆಯಿಂದ ಎಡಕ್ಕೆ ಬಡಿದೆ, ಬಲಕ್ಕೆ ಬಡಿದೆ. ಕಣ್ಣು ಮುಚ್ಚಿ ಬಡಿದೆ.

"ಏನಂತದ?" ಕೆಳಗಿನಿಂದ ಚಾಚಾ ಕೇಳಿದರು.

"ಗೊತ್ತಾಗವಲ್ದ್ರಿ ಚಾಚಾ."

"ಠಣ್ ಅಂತದೋ, ದಬ್ ಅಂತದೋ?"

"ನನಗ ತಿಳಿವಲ್ದು. ಖರೇನೂ ತಿಳಿವಲ್ದು."

"ಹಂಗಾದ್ರ ಹಂಗೇ ಬರಿ."

ಕೆಳಗಿಳಿದು, ಕೈ ನಡುಗುತ್ತಿದ್ದುದರಿಂದ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದೆ: ಐದನೆಯದು, ನನಗೆ ತಿಳಿಯಲಿಲ್ಲ. ಚಾಚಾರಿಗೆ ಓದಲು ಬರುತ್ತಿರಲಿಲ್ಲ. ಆದರೂ ಪುಸ್ತಕ ಇಸಿದುಕೊಂಡು ಆ ಗೆರೆಯನ್ನು ನೋಡಿ ವಾಪಸು ಕೊಟ್ಟರು.

ಆಮೇಲೆ ಅಂಗಿಯ ತೋಳು ಮಡಿಚಿ, ಚಪ್ಪಲಿ ಬಿಟ್ಟು, ಪಟ್ಟಿ ಕಟ್ಟಿಕೊಳ್ಳತೊಡಗಿದರು. ಸರ್ ಬೇಡವೆಂದರು, ಈ ವಯಸ್ಸಿನಲ್ಲಿ, ಕಣ್ಣಿನ ಪೊರೆ ಬೇರೆ ಈಗ ತೆಗೆಸಿದ್ದೀರಿ ಎಂದರು. ಚಾಚಾ ಕೇಳಲಿಲ್ಲ. ಸರಿ, ಹಗ್ಗವನ್ನಾದರೂ ನಾನು ಹಿಡಿಯುತ್ತೇನೆ ಎಂದು ಸರ್ ಮುಂದೆ ಬಂದರು.

"ಬ್ಯಾಡ್ರಿ. ಬಾಬು ಹಿಡೀಲಿ."

"ಇವನಾ? ಇಷ್ಟು ಮಾಡಿದ ಮೇಲೂ?"

"ಇವತ್ತ ಇಲ್ಲಿ ಇದ್ದವರೊಳಗ ಎಲ್ಲಾರಕಿಂತ ಹೆದರಿದಾಂವ ಅಂವನೇ. ಹಗ್ಗ ಬಿಡಂಗಿಲ್ಲ" ಎಂದರು ಚಾಚಾ.

ಮೇಲೆ ಹೋಗಿ ಬಡಿದು ಕೇಳಿದ ಅವರು ಕಡೆಗೆ ಹಾರೆ ತರಿಸಿ ಎಬ್ಬಿಸಿದಾಗ, ಬಾಗಿಲಷ್ಟು ಅಗಲದ ಕಲ್ಲಿನ ಚಕ್ಕೆ ಬೋಲ್ಟಿನ ಸಮೇತ ಕಿತ್ತು ಕೆಳಗೆ ಬಿತ್ತು. ಹುಡುಗಿ ಅದನ್ನು ನೋಡಿ ಹೋಗಿ ನೀರು ಕುಡಿದಳು. ಮರುದಿನದಿಂದ ಚಾಚಾ ಮತ್ತೆ ಚೀಲ ಹೆಗಲಿಗೇರಿಸಿ ಬೀಸುಕಲ್ಲಿನ ಕೆಲಸಕ್ಕೆ ಹೊರಟರು, ಬಹಳ ವರ್ಷ ಹಾಗೆಯೇ ತಿರುಗಿದರು. ನನ್ನ ಸುಳ್ಳಿನ ವಿಷಯವನ್ನು ಯಾವತ್ತೂ ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದೂ ಅನ್ನಲಿಲ್ಲ.

ಅವರು ಹೋದ ಸುದ್ದಿ ಕೇಳಿದಾಗಿನಿಂದ ನನಗೆ ನೆನಪಾಗುವುದು ಹಾರೆ ತರಿಸುವ ಮೊದಲಿನ ಆ ಹೊತ್ತು. ಚಾಚಾ ನಾಲ್ಕನೇ ಬೋಲ್ಟಿಗೂ ಐದನೆಯದಕ್ಕೂ ನಡುವೆ ಬರಿಗಾಲು ಊರಿ ನಿಂತಿದ್ದರು. ಹಗ್ಗ ಹಿಡಿದು ನಾನು ಕತ್ತೆತ್ತಿ ನೋಡುತ್ತಿದ್ದೆ. ಅವರು ಟೋಪಿ ತೆಗೆದು ಜೇಬಿಗಿಟ್ಟುಕೊಂಡು, ಐದನೆಯದರ ಎಡಕ್ಕೆ ಒಂದು ಸಣ್ಣ ಏಟು ಹಾಕಿದರು. ಅವರಿಗೆ ಅಷ್ಟು ಸಾಕು, ಇಳಿದು ಬರಬಹುದಿತ್ತು. ಬರಲಿಲ್ಲ. ಬಗ್ಗಿ ನಾಲ್ಕನೆಯದರ ಹತ್ತಿರ ಬಡಿದರು, ಎದ್ದು ಐದನೆಯದರ ಹತ್ತಿರ ಬಡಿದರು. ಮತ್ತೆ ನಾಲ್ಕು, ಮತ್ತೆ ಐದು. ನನಗೆ ಎರಡೂ ಒಂದೇ ಥರ ಕೇಳಿಸುತ್ತಿದ್ದವು, ಅವರ ಕಿವಿಗೆ ಮಾತ್ರ ಬೇರೆ ಬೇರೆ. ಸಾಕು, ಇಳಿಯಿರಿ ಎಂದು ಸರ್ ಕೂಗಿದರು. ಚಾಚಾ ಕಣ್ಣು ಮುಚ್ಚಿಕೊಂಡು ಬಡಿಯುತ್ತಲೇ ಇದ್ದರು.